ಕನ್ನಮ್ಮನ ಮೂಲೆ

ಯೋಗರಾಜ ಬಂದನೆಂದರೆ "ಕಂಪ್ಯೂಟರ್ ಬಲ್ಲವನು" ಎಂದು ನಮ್ಮೂರಿನವರು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದ ಕಾಲವೊಂದಿತ್ತು. ನಾನು ಆಗಲೂ ಎದ್ದವಳಲ್ಲ. ಈಗ ಮಗಳ ಮದುವೆ ಮುಗಿದ ಮೇಲಂತೂ ಅವನನ್ನು ಕಂಡರೆ ಕೂತಲ್ಲೇ ಇನ್ನಷ್ಟು ಕಾಲು ಚಾಚುತ್ತೇನೆ. ಸಾಗರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಅವನ ಅಂಗಡಿ. ವೆಬ್‌ಸೈಟ್ ಮಾಡುತ್ತಾನೆ, ಮದುವೆ ಕಾಗದ ಪ್ರಿಂಟ್ ಹಾಕುತ್ತಾನೆ, ಸತ್ತವರ ಫೋಟೊಕ್ಕೆ ಕೋಟು ತೊಡಿಸಿ ಕೊಡುತ್ತಾನೆ. ಮೂರರಲ್ಲಿ ಕೋಟು ತೊಡಿಸುವುದೊಂದೇ ಅವನಿಗೆ ನೆಟ್ಟಗೆ ಬರುವ ಕೆಲಸ.

ನಮ್ಮ ಮನೆ ಹೊಸನಗರದ ಹತ್ತಿರ. ನಮ್ಮ ದೀವರ ಮನೆಗಳಲ್ಲಿ ಮದುವೆ ಎಂದರೆ ಮೊದಲು ಹಸೆಗೋಡೆ ಆಗಬೇಕು. ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಗೆರೆಯ ಪಕ್ಕಕ್ಕೆ ಗೆರೆ ಎಳೆದು ಹೆಂಗಸರು ಚಿತ್ತಾರ ಬರೆಯುತ್ತಾರೆ. ಮದುಮಕ್ಕಳು ಕೂರುವುದು ಅದರ ಎದುರಿಗೆ. ನಮ್ಮ ಮನೆಯಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆ ಇತ್ತು. ಮುಂದಿನ ಮದುವೆಯ ಹಸೆಯನ್ನು ಹಳೆಯದನ್ನು ನೋಡಿಕೊಂಡೇ ಬರೆಯಬೇಕು, ಅಲ್ಲಿಯವರೆಗೆ ಹಳೆಯದನ್ನು ಯಾರೂ ಮುಟ್ಟಬಾರದು. ಹೇಳಿಕೊಡುವ ಕೆಲಸ ಗೋಡೆಯದು, ಕಲಿಯುವ ಕೆಲಸ ನಮ್ಮದು.

ನನ್ನ ಮದುವೆಯ ಹಸೆ ಬರೆದದ್ದು ನನ್ನ ಅತ್ತೆ ಗುತ್ಯಮ್ಮನ ಅತ್ತೆ, ಕನ್ನಮ್ಮ. ಅತ್ತೆಯೂ ಉಳಿದ ಗೆರೆಗಳಿಗೆ ಕೈ ಹಾಕಿದ್ದರು. ಆದರೆ ಬಲಗಡೆಯ ಕೆಳಮೂಲೆಯನ್ನು ಮಾತ್ರ ಕನ್ನಮ್ಮ ಯಾರಿಗೂ ಬಿಡುತ್ತಿರಲಿಲ್ಲ. ಕೆಳದಿ ಕಡೆಯ ತನ್ನ ತವರಿನಿಂದ ತಂದ ಹೆಣಿಗೆ ಅದು. ಎಲ್ಲಿ ಹೊರಟಿತು, ಎಲ್ಲಿ ಬಂದು ಸೇರಿತು ಎಂದು ಗೊತ್ತಾಗದ ಹಾಗೆ ಗೆರೆ ಸುತ್ತಿ ಸುತ್ತಿ ಹೋಗುತ್ತಿತ್ತು. ಅದಕ್ಕೆ ಮನೆಯಲ್ಲಿ ಕನ್ನಮ್ಮನ ಮೂಲೆ ಎಂದೇ ಹೆಸರು. "ನಾ ಸತ್ಮೇಲೆ ಗ್ವಾಡೆ ನೋಡ್ಕಂಡು ಬರೀರಿ" ಎನ್ನುತ್ತಿತ್ತು ಮುದುಕಿ. ಒಂದು ದಿನ ಸತ್ತೂ ಹೋಯಿತು.

ಹತ್ತು ಹನ್ನೊಂದು ವರ್ಷದ ಹಿಂದೆ ಸಾಗರದ ಒಂದು ಸಂಘದವರಿಗೆ ಮಲೆನಾಡಿನ ಕಲೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ವೆಬ್‌ಸೈಟ್ ಮಾಡು ಎಂದು ಯೋಗರಾಜನಿಗೆ ಹೇಳಿದರು. ಅವನು ಕ್ಯಾಮೆರಾ ನೇತುಹಾಕಿಕೊಂಡು ನಮ್ಮ ಮನೆಗೆ ಬಂದ, ಗೋಡೆಯ ಫೋಟೊ ಹೊಡೆದ, ಕೊಟ್ಟ ಕಡುಬನ್ನೆಲ್ಲ ತಿಂದ.

"ಅಮ್ಮಾ, ಇದನ್ನ ಫ್ಲ್ಯಾಶ್‌ನಲ್ಲಿ ಮಾಡ್ತೀನಿ. ಚಿತ್ರ ಕುಣಿಯತ್ತೆ, ಜೊತೆಗೆ ಮ್ಯೂಸಿಕ್ ಬರತ್ತೆ. ಸೂರ್ಯ ಚಂದ್ರ ಇರೋ ತನಕ ಇನ್ನು ನಿಮ್ಮ ಹಸೆ ಅಳಿಸಲ್ಲ" ಎಂದು ಅತ್ತೆಗೆ ಮಾತು ಕೊಟ್ಟ.

ಫ್ಲ್ಯಾಶ್ ಎಂದರೆ ಏನೆಂದು ಆಗ ನಮಗೆ ಗೊತ್ತಿರಲಿಲ್ಲ. ಒಂದು ಕಂಪನಿಯ ಸ್ವಂತ ತಂತ್ರ ಅದು. ಅದರಲ್ಲಿ ಮಾಡಿಟ್ಟದ್ದನ್ನು ನೋಡಬೇಕಾದರೆ ಆ ಕಂಪನಿಯದೇ ಪ್ಲಗ್‌ಇನ್ ಎಂಬ ಪುಟ್ಟ ತಂತ್ರಾಂಶ ನಮ್ಮ ಯಂತ್ರದಲ್ಲಿರಬೇಕು. ಅಂದರೆ ನಮ್ಮ ಕಣಜಕ್ಕೆ ಅವರ ಬೀಗ. ಸೂರ್ಯ ಚಂದ್ರರಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನನ್ನ ಗಂಡ ದುರ್ಗೇಶ್. ರಿಪ್ಪನ್‌ಪೇಟೆಯ ನೆಂಟರ ಮನೆಯಲ್ಲಿ ಪಿಸ್ತಾ ಹಸಿರು ಡಿಸ್ಟೆಂಪರ್ ನೋಡಿ ಬಂದಿದ್ದರು. ನಾನು ತವರಿಗೆ ಹೋಗಿದ್ದಾಗ ನಮ್ಮ ಮನೆಗೂ ಅದನ್ನೇ ಬಳಿಸಿದರು, ಹಸೆಗೋಡೆಯನ್ನೂ ಸೇರಿಸಿ. ಅತ್ತೆ ಗೋಡೆಗೆ ಅಡ್ಡ ನಿಂತಿದ್ದರಂತೆ. "ಅಮ್ಮಾ, ಅದು ಕಂಪ್ಯೂಟರ್‌ನಾಗೆ ಐತಲೇ. ಇನ್ನು ಗ್ವಾಡೆ ಎಂತಕ್ಕೆ?" ಎಂದು ಇವರು ಪಕ್ಕಕ್ಕೆ ಸರಿಸಿದರಂತೆ. ನಾನು ಬಂದು ನೋಡಿದಾಗ ನನ್ನ ಮದುವೆಯ ಹಸೆ ಇದ್ದ ಜಾಗ ಬಸ್ ಸ್ಟ್ಯಾಂಡಿನ ಗೋಡೆಯ ಹಾಗೆ ಹಸಿರಾಗಿ ನಿಂತಿತ್ತು. ಆ ವಾರ ಇಡೀ ಇವರಿಗೆ ನಾನು ಬಡಿಸಿದ್ದು ಗಂಜಿ.

ವೆಬ್‌ಸೈಟಿನ ಉದ್ಘಾಟನೆಗೆ ನಮ್ಮನ್ನು ಸಾಗರಕ್ಕೆ ಕರೆದಿದ್ದರು. ಅಧ್ಯಕ್ಷರು ಮೌಸ್ ಒತ್ತಿದರು. ಪರದೆಯ ಮೇಲೆ "ಲೋಡಿಂಗ್" ಎಂದು ಬಂತು, ಬಹಳ ಹೊತ್ತು ಅದೇ ಇತ್ತು. ಆಮೇಲೆ ಕೊಳಲು ಊದಿತು, ಒಂದು ಕಮಲ ಅರಳಿತು, ದಳಕ್ಕೊಬ್ಬರಂತೆ ಸಂಘದ ಪದಾಧಿಕಾರಿಗಳು ಹೊರಬಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿನ್ನಲು ಎದ್ದರು. ಅತ್ತೆ ಮಾತ್ರ ಕತ್ತಲೆ ಪರದೆಯ ಎದುರು ಕೂತೇ ಇದ್ದರು.

"ಹಸೆ ಎಲ್ಲಿ?" ಎಂದು ಕೇಳಿದರು.

"ಒಳಗೆ ಐತೆ ಅಮ್ಮಾ, ಮನೇಲಿ ಫೋನಲ್ಲೇ ನೋಡಿ" ಎಂದ ಯೋಗರಾಜ.

ಫೋನಿನಲ್ಲಿ ಕಂಡದ್ದು ಒಂದು ಬೂದು ಚೌಕ. ಅದರ ನಡುವೆ ಪ್ಲಗ್‌ಇನ್ ಇಲ್ಲ ಎನ್ನುವ ಒಂದು ಗುರುತು. ಅಲ್ಲಿಂದ ಶುರುವಾಯಿತು ಯುದ್ಧ. ಒಂದು ಕಡೆ ಯೋಗರಾಜ, ಇನ್ನೊಂದು ಕಡೆ ಸಾಗರದಲ್ಲೇ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ತಮ್ಮ ಗಣೇಶ್. ನಮ್ಮ ಮನೆಯಲ್ಲಿ ಏನೇ ನಡೆಯಲಿ, ಹಬ್ಬವಿರಲಿ ತಿಥಿಯಿರಲಿ, ಇಬ್ಬರೂ ಎಲೆ ಮುಂದೆ ಕೂತು ಇದನ್ನೇ ಕಚ್ಚಾಡುತ್ತಿದ್ದರು.

"ಲೋಕದಲ್ಲಿ ಎಷ್ಟು ಸೈಟು ಫ್ಲ್ಯಾಶ್‌ನಲ್ಲಿದೆ ಗೊತ್ತೇನಾ ನಿಂಗೆ? ಫೋನ್ ಮಾಡೋರು ಅದನ್ನ ಓಡಿಸ್ಬೇಕು. ಹೊಸ ಬಾಗಿಲು ಸಣ್ಣ ಆಯ್ತು ಅಂತ ಹಳೇ ಮಂಚ ಮುರೀತಾರಾ?" ಎಂದು ಯೋಗರಾಜ.

"ನಿನ್ನ ಮಂಚ ಬ್ಯಾಟರಿ ತಿನ್ನತ್ತೆ ಮಾರಾಯ. ಬೆರಳಲ್ಲಿ ಒತ್ತಿದ್ರೆ ಅದ್ಕೆ ತಿಳಿಯಲ್ಲ, ಎರಡು ನಿಮಿಷಕ್ಕೆ ಹ್ಯಾಂಗ್ ಆಗತ್ತೆ. ಬೇರೆಯವ್ರ ಬೀಗ ತಂದು ಹಾಕ್ಕಂಡವ ನೀನು, ಫೋನಿಗ್ಯಾಕೆ ಬೈತೀಯ? ಸೈಟನ್ನೇ ಬದಲು ಮಾಡು" ಎಂದು ಗಣೇಶ್.

ನ್ಯಾಯವಾಗಿ ಹೇಳಬೇಕೆಂದರೆ ನನ್ನ ತಮ್ಮನ ಮಾತೇ ಸರಿ. ಆದರೆ ಅವನ ಸರಿ ಎಂಥದ್ದು ಎಂದೂ ಹೇಳಬೇಕು. ಒಮ್ಮೆ ಇದೇ ಗಣೇಶ್ "ಭಾವ, ಇದ್ರಲ್ಲಿ ಫ್ಲ್ಯಾಶ್ ಓಡತ್ತೆ" ಎಂದು ನನ್ನ ಗಂಡನಿಗೆ ಒಂದು ಫೋನ್ ದಾಟಿಸಿದ್ದ. ಓಡಿದ್ದು ಹೌದು. ಲೋಡಿಂಗ್ ಮುಗಿಯುವಷ್ಟರಲ್ಲಿ ಫೋನು ದೋಸೆ ಕಾವಲಿಯಾಯಿತು, ಕಮಲ ಅರಳುವ ಮೊದಲೇ ಆರಿಹೋಯಿತು. ಸ್ವಲ್ಪ ದಿನಕ್ಕೆ ಆ ಕಂಪನಿಯವರೇ ಫೋನಿಗೆ ಫ್ಲ್ಯಾಶ್ ಕೊಡುವುದನ್ನು ನಿಲ್ಲಿಸಿದರು. ಆ ದಿನ ಗಣೇಶ್ ಗೆದ್ದವನ ಹಾಗೆ ನಮ್ಮ ಮನೆಗೆ ಬಂದು ಊಟ ಮಾಡಿ ಹೋದ.

"ಹಾಳಾಗ್ಲಿ, ಕುಣಿಯೋದೂ ಬೇಡ ಊದೋದೂ ಬೇಡ. ಆ ಬರೀ ಫೋಟೊ ಇದ್ಯಲ್ಲ, ಅದನ್ನ ಕೊಡು" ಎಂದು ನಾನು ಯೋಗರಾಜನನ್ನು ಕೇಳಿದ್ದೆ, ಒಂದಲ್ಲ ಹತ್ತು ಸಲ.

"ಶ್ಯಾಮಲಕ್ಕಾ, ಎಲ್ಲಾ ಸೈಟಲ್ಲಿದೆ. ನಿಮ್ಮ ಫೋನೇ ಸರಿ ಇಲ್ಲ" ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಕೋಟಿನ ದರ್ಜಿಯದೂ ಅದೇ ರಾಗ. ಸೈಟಿನಲ್ಲಿ ಭದ್ರವಾಗಿದೆ ಎಂದ ಮೇಲೆ ಕಂಪ್ಯೂಟರಿನ ಎದುರು ಕೂತು ನೋಡಬೇಕೆಂದು ನಮಗೂ ತೋಚಲಿಲ್ಲ, ಮುಂದಿನ ಮದುವೆ ಆಗ ದೂರವಿತ್ತು.

ಈ ವರ್ಷ ನನ್ನ ಮಗಳು ಸ್ವಾತಿಯ ಮದುವೆ ಗೊತ್ತಾಯಿತು. ಅತ್ತೆ ಕೆಮ್ಮಣ್ಣು ತರಿಸಿ ಸೋಸಿಟ್ಟುಕೊಂಡರು, ಪುಂಡಿನಾರು ಕಟ್ಟಿಕೊಂಡರು. "ಉಳಿದಿದ್ದೆಲ್ಲ ನನ್ನ ಕೈಯಾಗೆ ಐತೆ. ಮೂಲೆ ಒಂದು ತೋರಿಸಿ. ನಾನೂ ಹೋದ್ರೆ ಆಮೇಲೆ ತೋರಿಸಿದ್ರೂ ಬರೆಯೋರು ಇರಲ್ಲ" ಎಂದರು. ಅಷ್ಟು ಹೊತ್ತಿಗೆ ಸೈಟು ಮುಚ್ಚಿಹೋಗಿತ್ತು. ಜನವರಿಯಲ್ಲಿ ಫ್ಲ್ಯಾಶನ್ನು ಹುಟ್ಟಿಸಿದ ಕಂಪನಿಯೇ ಕಂಪ್ಯೂಟರಿನಲ್ಲಿಯೂ ಅದನ್ನು ಪೂರ್ತಿ ನಿಲ್ಲಿಸಿತ್ತು. ಇವರು ಬ್ಲೇಡು ಹಿಡಿದು ಗೋಡೆ ಕೆರೆದು ನೋಡಿದರು. ಹಸಿರಿನ ಜೊತೆಗೇ ಕೆಂಪೂ ಬಿಳಿಯೂ ಉದುರಿ ನೆಲಕ್ಕೆ ಬಿತ್ತು. ನಮ್ಮ ಮದುವೆ ಫೋಟೊ ತೆಗೆದು ನೋಡಿದರೆ, ಆ ಮೂಲೆಯ ಮೇಲೆ ಸರಿಯಾಗಿ ಇವರ ಭುಜ! ಕೆಳದಿ ಕಡೆಯ ಕನ್ನಮ್ಮನ ತವರಿಗೂ ಹೋಗಿ ಬಂದೆವು. ಅಲ್ಲಿಯ ಸೊಸೆಯಂದಿರು ಬಹಳ ಪ್ರೀತಿಯಿಂದ ಚಾ ಕೊಟ್ಟು, ಹಸೆಗೆ ಈಗ ಸ್ಟಿಕ್ಕರ್ ಸಿಗುತ್ತದೆ ಎಂದು ಹೇಳಿ ಕಳಿಸಿದರು.

ಕೊನೆಗೆ ಯೋಗರಾಜನ ಹತ್ತಿರ ಆ ಸೈಟಿನ ಒಂದು ಸಿಡಿ ಸಿಕ್ಕಿತು. ಅದನ್ನು ಓಡಿಸುವ ಹಳೆ ಕಂಪ್ಯೂಟರ್ ತೀರ್ಥಹಳ್ಳಿಯ ನಟರಾಜ್ ಎಂಬವರ ಪ್ರಿಂಟಿಂಗ್ ಅಂಗಡಿಯಲ್ಲಿತ್ತು. ಇಂಟರ್‌ನೆಟ್ಟಿಗೆ ತಾಗಿಸದೆ, ಹೊಸದೇನನ್ನೂ ಹಾಕದೆ, ಬಿಲ್ ಪುಸ್ತಕ ಅಚ್ಚು ಹಾಕಲು ಇಟ್ಟುಕೊಂಡಿದ್ದರು. ಒಂದು ಬೆಳಿಗ್ಗೆ ಅತ್ತೆ, ನಾನು, ಇವರು, ಯೋಗರಾಜ ಗಣೇಶ್ ಎಂಬ ಇಬ್ಬರು ಪಂಡಿತರು ಒಂದೇ ಓಮ್ನಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಪಂಡಿತರದು ಅದೇ ಜಗಳ. ತುಂಗೆಯ ಸೇತುವೆ ದಾಟುವಾಗ ಇಬ್ಬರನ್ನೂ ಇಳಿಸಿ ಮುಂದೆ ಹೋಗೋಣ ಎಂದು ನನಗೆ ನಿಜಕ್ಕೂ ಅನ್ನಿಸಿತು. ಅತ್ತೆ ಮಡಿಲಲ್ಲಿ ಸ್ವಾತಿಯ ಹಳೆ ಡ್ರಾಯಿಂಗ್ ಪುಸ್ತಕ, ಪೆನ್ಸಿಲ್ ಹಿಡಿದು ಕೂತಿದ್ದರು.

ನಟರಾಜ್ ಸಿಡಿ ಹಾಕಿದರು. ಲೋಡಿಂಗ್ ಬಂತು. ಕೊಳಲು ಊದಿತು. ಕಮಲ ಅರಳಿತು, ಅಧ್ಯಕ್ಷರು ಬಂದರು, ಕಾರ್ಯದರ್ಶಿ ಬಂದರು, ಖಜಾಂಚಿಯೂ ಬಂದರು. ಯೋಗರಾಜ ಎಲ್ಲೆಲ್ಲೋ ಒತ್ತಿದ. "ಹಸೆ ಚಿತ್ತಾರ" ಎಂಬ ಅಕ್ಷರಗಳು ತಿರುಗುತ್ತ ತಿರುಗುತ್ತ ಬಂದು ನಿಂತವು. ಅದರ ಕೆಳಗೆ, ಬೆಂಕಿಪೊಟ್ಟಣದಷ್ಟು, ನಮ್ಮ ಗೋಡೆ.

"ದೊಡ್ಡದು ಮಾಡು" ಎಂದೆ.

"ಆಗಲ್ಲ ಅಕ್ಕ. ಆಗ ನೆಟ್ ಸ್ಲೋ ಇತ್ತಲ, ಬೇಗ ಲೋಡ್ ಆಗ್ಲಿ ಅಂತ ಫೋಟೊ ಸಣ್ಣ ಮಾಡಿದ್ದೆ" ಎಂದ. ಕಮಲವನ್ನು ಮಾತ್ರ ಸಣ್ಣ ಮಾಡಿರಲಿಲ್ಲ.

ನಟರಾಜ್ ಡ್ರಾಯರಿನಿಂದ ಭೂತಗನ್ನಡಿ ತೆಗೆದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಪರದೆಗೆ ಮುಖ ತಾಗಿಸಿ ನೋಡಿದರು. ಚೌಕ ಇತ್ತು, ಗೆರೆಗಳು ಇದ್ದವು. ಬಲಗಡೆಯ ಕೆಳಮೂಲೆಯಲ್ಲಿ, ಕನ್ನಮ್ಮನ ಹೆಣಿಗೆ ಇರಬೇಕಾದಲ್ಲಿ, ದಪ್ಪ ಹಳದಿ ಅಕ್ಷರದಲ್ಲಿ "ಯೋಗರಾಜ್ ಗ್ರಾಫಿಕ್ಸ್, ಸಾಗರ" ಎಂದಿತ್ತು. ಅಡಿಯಲ್ಲಿ ಅವನ ಫೋನ್ ನಂಬರು.

ಅತ್ತೆಗೆ ಓದಲು ಬರುವುದಿಲ್ಲ. ಏನೋ ಕೊಳೆ ಮೆತ್ತಿದೆ ಎಂದುಕೊಂಡು ಸೆರಗಿನ ತುದಿಯಿಂದ ಗಾಜನ್ನು ಒರೆಸಿದರು. ಮತ್ತೆ ಒರೆಸಿದರು. "ತಮಾ, ಈ ಹಳದೀದು ಆಚೆ ಸರಿಸು. ಅದ್ರ ಅಡೀಗೆ ಐತೆ" ಎಂದರು.

"ಬರಲ್ಲಮ್ಮ. ಯಾರೂ ಕದೀಬಾರ್ದು ಅಂತ ಫೋಟೊಕ್ಕೇ ಸೇರಿಸಿಬಿಟ್ಟಿದ್ದೆ."

"ಕ್ಯಾಮೆರಾದಲ್ಲಿ ತೆಗೆದಿದ್ದು ಎಲ್ಲಿ?" ಎಂದು ನಾನು ಕೇಳಿದೆ.

"ಅಳಿಸಿಬಿಟ್ಟೆ ಅಕ್ಕ. ಸೈಟಲ್ಲಿ ಇದ್ಯಲ್ಲ ಅಂತ."

ನನ್ನ ಗಂಡ ನೆಲ ನೋಡತೊಡಗಿದರು. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಮಗೆ ಇಲಿಯೂ ಸಿಗಲಿಲ್ಲ, ಸಿಕ್ಕಿದ್ದು ಯೋಗರಾಜನ ನಂಬರು. ಹತ್ತು ವರ್ಷ ಇಬ್ಬರು ಗಂಡಸರು ಇದನ್ನು ಫೋನು ತೋರಿಸಬೇಕೋ ಬೇಡವೋ ಎಂದು ಗಂಟಲು ಹರಿದುಕೊಂಡಿದ್ದರು. ಒಳಗೆ ಏನಿದೆ ಎಂದು ಒಬ್ಬನೂ ಇಣುಕಿ ನೋಡಿರಲಿಲ್ಲ. ಇಷ್ಟಾದರೂ ಓಮ್ನಿ ಹತ್ತುವಾಗ ಯೋಗರಾಜ, "ಮೊಬೈಲಲ್ಲಿ ಸಪೋರ್ಟ್ ಕೊಟ್ಟಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ" ಎಂದ.

"ಹೌದು ಮಾರಾಯ. ನಿನ್ನ ನಂಬರ್ ಊರಿಗೆಲ್ಲ ಕಾಣ್ತಿತ್ತು" ಎಂದೆ. ಗಣೇಶ್ ನಕ್ಕ. "ನೀ ಹಲ್ಲು ಕಿರೀಬೇಡ" ಎಂದು ಅವನಿಗೂ ಹೇಳಿದೆ. ನನಗೆ ಅಳು ಬರುತ್ತಿತ್ತು, ಇವರ ಎದುರು ಅಳುವುದು ಬೇಡ ಎಂದು ಬೈಯುತ್ತಿದ್ದೆ.

ಮದುವೆಗೆ ಮುಂಚೆ ಪಿಸ್ತಾ ಹಸಿರಿನ ಮೇಲೆ ಕೆಮ್ಮಣ್ಣು ಬಿತ್ತು. ಅತ್ತೆ ಬರೆದರು, ಸ್ವಾತಿ ಹಿಟ್ಟಿನ ಬಟ್ಟಲು ಹಿಡಿದು ಪಕ್ಕಕ್ಕೆ ಕೂತು ತಾನೂ ಗೆರೆ ಎಳೆದಳು. ಮೂಲೆಗೆ ಬಂದಾಗ ಅತ್ತೆಯ ಕುಂಚ ನಿಂತಿತು.

"ಅಜ್ಜಿ, ಏನಾದ್ರೂ ಒಂದು ಬಳ್ಳಿ ಬರೆದುಬಿಡಿ. ಯಾರಿಗೆ ಗೊತ್ತಾಗತ್ತೆ?" ಎಂದಳು ಸ್ವಾತಿ.

"ನಂಗೆ ಗೊತ್ತಾಗತ್ತಲೇ" ಎಂದು ಅತ್ತೆ ಕುಂಚ ತೊಳೆದಿಟ್ಟರು.

ಮದುವೆಯ ದಿನ ಬಂದವರೆಲ್ಲ ಹಸೆ ಚೆನ್ನಾಗಿದೆ ಎಂದರು. ಯೋಗರಾಜನೂ ಬಂದಿದ್ದ. ಅವನಿಗೆ ನಾಚಿಕೆ ಎನ್ನುವುದು ಯಾವ ಯಂತ್ರದಲ್ಲೂ ಓಡುವುದಿಲ್ಲ. ದೊಡ್ಡ ಫೋನನ್ನು ಮೇಲೆತ್ತಿ ಗೋಡೆಗೆ ಹಿಡಿದ.

"ಅಕ್ಕಾ, ಈ ಸಲ ಹೊಸ ಟೆಕ್ನಾಲಜಿ. ಎಲ್ಲಾ ಫೋನಲ್ಲೂ ಓಡತ್ತೆ" ಎಂದವನು ಫೋನು ತಗ್ಗಿಸಿ, "ಅಲ್ಲಾ, ಆ ಮೂಲೆ ಎಂತಕ್ಕೆ ಖಾಲಿ?" ಎಂದು ಕೇಳಿದ.

"ಖಾಲಿ ಅಲ್ಲ ಯೋಗರಾಜ, ಲೋಡ್ ಆಗ್ತಾ ಐತೆ. ನಿಂತ್ಕಂಡು ನೋಡ್ತಾ ಇರು" ಎಂದೆ.

ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಅತ್ತೆ ನಗಲಿಲ್ಲ. ಮೊಮ್ಮಗಳ ಹಿಂದಿನ ಆ ಖಾಲಿ ಕೆಂಪನ್ನೇ ನೋಡುತ್ತಿದ್ದರು. ಮಡಿಲ ಮೇಲೆ ಅವರ ಬೆರಳು ಒಂದು ಗೆರೆ ಶುರು ಮಾಡುತ್ತಿತ್ತು, ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು, ಮತ್ತೆ ಮೊದಲಿಗೆ ಬರುತ್ತಿತ್ತು. ಧಾರೆ ಮುಗಿಯುವ ತನಕವೂ ಅದು ಮುಂದಕ್ಕೆ ಹೋಗಲಿಲ್ಲ.