ಬಾಲದ ಬುಡದ ಜಿಡ್ಡು

ಗಗನಾಳ ಹಣೆಯಲ್ಲಿ ಮೊಡವೆ ಎದ್ದಾಗ ತಾಯಿ ಸಮತಾ ಗೂಬೆ ಕೂರಿಸಿದ್ದು ಅತ್ತೆಯ ಕೊಬ್ಬರಿ ಎಣ್ಣೆಯ ಮೇಲೆ. ಮೂರು ವರ್ಷದ ಮಗುವಿಗೆ ಮೊಡವೆಯೆಂದರೇನು? ಅತ್ತೆ ಈಶ್ವರಮ್ಮ ಪ್ರತಿ ಭಾನುವಾರ ಭದ್ರಾವತಿಯಿಂದ ಗೋಪಾಳದ ಮಗನ ಮನೆಗೆ ಬಸ್ಸು ಹಿಡಿದು ಬಂದು, ಮೊಮ್ಮಗಳ ನೆತ್ತಿಗೆ ಎಣ್ಣೆ ತಟ್ಟಿ, ಮೈ ತಿಕ್ಕಿ, ಎರೆದು ಹೋಗುತ್ತಿದ್ದರು. "ನಿಮ್ಮ ಎಣ್ಣೆ ಸಾಕತ್ತೆ" ಎಂದು ಸೊಸೆ ಮುಖಕ್ಕೆ ಹೊಡೆದಂತೆ ಹೇಳಿದ ಮೇಲೆ ಬರುವುದನ್ನೇ ಬಿಟ್ಟರು.

ಎಣ್ಣೆ ನಿಂತಿತು, ಜಿಡ್ಡು ನಿಲ್ಲಲಿಲ್ಲ. ಬೆಳಿಗ್ಗೆ ತೊಳೆದ ಮುಖ ಮಧ್ಯಾಹ್ನಕ್ಕೆ ಮತ್ತೆ ಮಿರಮಿರ ಮಿಂಚುತ್ತಿತ್ತು. ಕಂಕುಳಲ್ಲಿ ದೊಡ್ಡವರ ಬೆವರಿನ ನಾತ. ಸಮತಾಗೆ ಹೆದರಿಕೆ ಹತ್ತಿತು, ಆದರೆ ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಸೆಕೆಯೆಂದಳು, ಸೋಪು ಬದಲಿಸಿದಳು.

ಅಷ್ಟರಲ್ಲಿ ಮನೆಯ ಬೆಕ್ಕಿಗೂ ಅದೇ ಬಂತು. ಗಂಡ ರೂಪೇಶ್ ಸ್ನಾನ ಮುಗಿಸಿ ಬರಿಮೈಯಲ್ಲಿ ದಿವಾನದ ಮೇಲೆ ಉರುಳಿದರೆ ಸಾಕು, ಅವನೆದೆಯ ಮೇಲೆ ಮಲಗಲು ಬೆಕ್ಕಿಗೂ ಮಗಳಿಗೂ ಜಗಳ. ಈಗ ಆ ಬೆಕ್ಕಿನ ಬಾಲದ ಬುಡದಲ್ಲಿ ಕೂದಲು ಅಂಟಂಟಾಗಿ, ಕಪ್ಪು ಜಿಡ್ಡು ಕಟ್ಟಿತ್ತು. ಬೆಕ್ಕಿಗೆ ಯಾರಪ್ಪ ಎಣ್ಣೆ ಹಚ್ಚಿದರು?

ಮೊಮ್ಮಗಳನ್ನು ಬಿಟ್ಟಿರಲಾರೆನೆಂದು ಈಶ್ವರಮ್ಮ ಫೋನಿನಲ್ಲಿ ಅತ್ತಿದ್ದರಿಂದ, ಎಣ್ಣೆ ಮುಟ್ಟಿಸಬಾರದೆಂಬ ಕರಾರಿನ ಮೇಲೆ ಗಗನಾಳನ್ನು ಎರಡು ದಿನಕ್ಕೆ ಭದ್ರಾವತಿಯಲ್ಲಿ ಬಿಟ್ಟಿದ್ದರು. ಅದೇ ಬಿಡುವಿನಲ್ಲಿ ಗಂಡಹೆಂಡತಿ ಬೆಕ್ಕನ್ನು ಪಶುವೈದ್ಯೆ ದಿವ್ಯಶ್ರೀಯವರ ಹತ್ತಿರ ಒಯ್ದರು.

ಡಾಕ್ಟರು ಬಾಲವನ್ನೆತ್ತಿ ಬಹಳ ಹೊತ್ತು ನೋಡಿದರು. "ಈ ಜಾಗದಲ್ಲಿ ಎಣ್ಣೆಗ್ರಂಥಿಗಳು ಜಾಸ್ತಿ. ಗಂಡು ಹಾರ್ಮೋನ್ ಏರಿದ್ರೆ ಊದ್ಕೊಂಡು ಹೀಗೆ ಜಿಡ್ಡು ಸುರಿಸ್ತವೆ. ಸಾಮಾನ್ಯವಾಗಿ ಗಂಡು ಬೆಕ್ಕಿಗೆ ಬರೋದು."

"ಇದು ಹೆಣ್ಣು ಮೇಡಂ. ಆಪರೇಷನ್ ಬೇರೆ ಆಗಿದೆ."

"ಹಾಗಾದ್ರೆ ಹೊರಗಿಂದ ಹತ್ತಿರ್ಬೇಕು. ಮನೇಲಿ ಯಾರಾದ್ರೂ ಗಂಡಸರ ಹಾರ್ಮೋನ್ ಜೆಲ್ ಹಚ್ಕೋತಾರಾ?"

ಸಮತಾ ನಕ್ಕೇಬಿಟ್ಟಳು. "ನಮ್ಮನೇಲಿ ಅಂಥೋರು ಯಾರೂ ಇಲ್ಲ."

ಬೆಕ್ಕನ್ನು ಹಿಡಿದು ನಿಂತಿದ್ದ ರೂಪೇಶ್ ಅದರ ಬಾಲದ ಜಿಡ್ಡನ್ನೇ ನೋಡುತ್ತಿದ್ದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಚಿಕ್ಕ ಮಕ್ಕಳಿಗೂ ಹತ್ತುತ್ತಾ, ಡಾಕ್ಟ್ರೇ?"

ಸಮತಾ ಗಂಡನತ್ತ ತಿರುಗಿದಳು. ಈಚೆಗೆ ದಪ್ಪವಾಗಿದ್ದ ಗಂಡನ ತೋಳುಗಳನ್ನು ಅವಳೇ ಅಕ್ಕಪಕ್ಕದವರ ಮುಂದೆ ಹೊಗಳಿಕೊಂಡಿದ್ದಳು.

"ಜಿಮ್ಮಲ್ಲಿ ಒಬ್ರು ಕೊಟ್ರು," ಎಂದ ಅವನು. "ಸ್ನಾನ ಆದ್ಮೇಲೆ ಬರೀ ಭುಜಕ್ಕೆ, ಎದೆಗೆ ಹಚ್ಕೋತಿದ್ದೆ. ಏನೂ ಆಗಲ್ಲ ಅಂದಿದ್ರು."

"ಮಗೂನ ಇವತ್ತೇ ಮಕ್ಕಳ ಡಾಕ್ಟ್ರಿಗೆ ತೋರ್ಸಿ," ಎಂದರು ದಿವ್ಯಶ್ರೀ. "ಜೆಲ್ ನಿಂತ್ರೆ ಜಿಡ್ಡು ಇಳಿಯುತ್ತೆ. ಆದ್ರೆ ಆಗಿರೋದೆಲ್ಲ ವಾಪಸ್ ಹೋಗುತ್ತೆ ಅಂತ ನಾನು ಹೇಳಲಾರೆ."

ಮಗುವನ್ನು ಕರೆತರಲು ಇಬ್ಬರೂ ಅಲ್ಲಿಂದಲೇ ಕಾರಿನಲ್ಲಿ ಭದ್ರಾವತಿಗೆ ಹೋದರು. ಈಶ್ವರಮ್ಮ ಸೊಸೆಯ ಮುಖ ಕಂಡದ್ದೇ ಬಾಗಿಲಲ್ಲೇ ಗಾಬರಿಬಿದ್ದರು. "ಒಂದು ಹನಿ ಮುಟ್ಸಿಲ್ಲ ಕಣಮ್ಮ, ದೇವರಾಣೆ. ಬರೀ ಕಡಲೆಹಿಟ್ಟಲ್ಲಿ ತೊಳೆದೆ." ಸಮತಾ ಆ ಮುದುಕಿಯ ಕೈ ಹಿಡಿದುಕೊಂಡಳು.

ಒಳಗಿನಿಂದ ಗಗನಾ ಓಡಿಬಂದು, "ಅಪ್ಪಾ, ಎತ್ಕೋ" ಎಂದು ಎರಡೂ ಕೈ ಮೇಲೆತ್ತಿದಳು. ರೂಪೇಶ್ ಬಾಗಿದ.

"ಮುಟ್ಟಬೇಡಿ!" ಸಮತಾ ಕಿರುಚಿದಳು.

ಅವನು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ನಿಂತ. ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಮಗು ಎತ್ತಿದ ಕೈ ಇಳಿಸದೆಯೇ ಅಳತೊಡಗಿತು. ಶೀತವಾಗಿದೆಯೆಂದು ಇಷ್ಟು ದಿನ ಎಲ್ಲರೂ ಅಂದುಕೊಂಡಿದ್ದ ಆ ದನಿ, ಒಡೆದು, ಗಡುಸಾಗಿ, ಹುಡುಗರ ದನಿಯಂತೆ ಕೇಳುತ್ತಿತ್ತು.