ಪುಟ್ಟಗಂಗಮ್ಮ ತೋಟಕ್ಕೆ ನಡೆದದ್ದು

ತೆಂಗಿನ ಮರಗಳೂ ಬೇಸರವಾದಾಗ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ನಡೆದುಹೋಗುತ್ತಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ದಂಡಿನಶಿವರದ ಪಕ್ಕದ ಒಂದು ಹಳ್ಳಿಯಲ್ಲಿ ನಡೆಯುವುದನ್ನೇ ಬಿಟ್ಟ ಒಬ್ಬ ಅಜ್ಜಿ ಇದ್ದಳಂತೆ. ಅಷ್ಟು ಹಿಂದಕ್ಕೇನೂ ಹೋಗಬೇಕಿಲ್ಲ. ಎಪ್ಪತ್ತೆಂಟನೇ ಇಸವಿಯ ದಸರಾ ರಜೆಯವರೆಗೆ ಹೋದರೆ ಸಾಕು, ಅಜ್ಜಿ ಸಿಗುತ್ತಾಳೆ.

ಹೆಸರು ಪುಟ್ಟಗಂಗಮ್ಮ. ಎಪ್ಪತ್ತರ ಮೇಲೆ ಎರಡೋ ಮೂರೋ. ನಾಲ್ಕು ತಿಂಗಳ ಹಿಂದೆ ಅಟ್ಟದ ಏಣಿಯಿಂದ ಜಾರಿ ಬಿದ್ದವಳು ಜಗಲಿಯ ಮಂಚ ಹಿಡಿದಿದ್ದಳು. ತುರುವೇಕೆರೆಯ ಡಾಕ್ಟರು ಮೂಳೆ ಮುರಿದಿಲ್ಲ, ನಡೆದಾಡಿಸಿ ಎಂದಿದ್ದರು. ಉಳುಕು ವಾಸಿಯಾಗಿತ್ತು. ಭಯ ವಾಸಿಯಾಗಿರಲಿಲ್ಲ.

ತುಮಕೂರಿನ ಕಾಲೇಜೊಂದರಿಂದ ಹತ್ತು ದಿನದ ಎನ್ನೆಸ್ಸೆಸ್ ಶಿಬಿರಕ್ಕೆ ಬಂದವರಲ್ಲಿ ಹುಡುಗರಿಗೆ ರಸ್ತೆಗೆ ಮಣ್ಣು ಹಾಕುವ ಕೆಲಸ ಸಿಕ್ಕಿತು, ಹುಡುಗಿಯರಿಗೆ ಊರಿನ ವಯಸ್ಸಾದವರು. ಹುಳಿಯಾರು ಕಡೆಯ ಶಿವರುದ್ರಮ್ಮ, ಎಲ್ಲರ ಬಾಯಲ್ಲಿ ರುದ್ರಿ, ಮತ್ತು ತಿಪಟೂರಿನ ದರ್ಜಿ ಮನೆಯ ಶಾಹಿದಾ ಇಬ್ಬರ ಪಾಲಿಗೆ ಪುಟ್ಟಗಂಗಮ್ಮ ಬಂದಳು. ಶಿಬಿರ ನಡೆಸುತ್ತಿದ್ದ ತೋಂಟದಾರ್ಯ ಮೇಷ್ಟ್ರು ಕೈಗೆ ಸೈಕ್ಲೋಸ್ಟೈಲ್ ಹಾಳೆ ಕೊಟ್ಟಿದ್ದರು: ಕಾಲು ಎತ್ತಿ ಇಳಿಸುವುದು, ಇಪ್ಪತ್ತು ಸಲ.

"ಎತ್ತಿ ಅಜ್ಜಿ, ಇನ್ನೊಂದ್ಸಲ. ಹದಿಮೂರು..." ರುದ್ರಿ ಎಣಿಸುತ್ತಿದ್ದಳು.

"ಹದಿಮೂರು ಸಲ ಎತ್ತಿ ಎಲ್ಲಿಗೋದಂಗಾಯ್ತು ಮಗ? ಇಲ್ಲೇ ಇದೀನಲ್ಲ!"

ಶಾಹಿದಾ ನಕ್ಕಳು. ರುದ್ರಿಗೆ ಅಳು ಬರುವುದೊಂದು ಬಾಕಿ.

ಮೂರನೇ ದಿನ ಅಜ್ಜಿಯ ಸಂಕಟದ ಗುಟ್ಟು ತಿಳಿಯಿತು. ಆ ಮನೆಯಲ್ಲಿ ಮಗು ಹುಟ್ಟಿದರೆ ಮೂರು ತಿಂಗಳು ತುಂಬುವುದರೊಳಗೆ ಹಿರಿಯಳು ತನ್ನ ಕೈಯಾರೆ ಒಂದು ತೆಂಗಿನ ಸಸಿ ನೆಡಬೇಕು. ಮರಿಮಗ ಹುಟ್ಟಿ ಎಂಬತ್ತು ದಿನವಾಗಿತ್ತು. ಸಸಿ ಬಚ್ಚಲ ಹಿಂದೆ ಕಾದು ಕುಳಿತಿತ್ತು.

"ನಾಕಾಳು ಮಂಚದ ಸಮೇತ ಹೊತ್ಕೊಂಡೋಗ್ತಾರೆ ಬುಡಿ ಅತ್ತೆ. ಒಂದು ಹಿಡಿ ಮಣ್ಣು ಹಾಕುದ್ರಾಯ್ತು" ಎಂದಳು ಸೊಸೆ ಚಿಕ್ಕಗೌರಮ್ಮ.

"ನಾಕು ಜನ ನನ್ನ ಹೊರೋದು ಒಂದೇ ದಿನ ಕಣೇ. ಅವತ್ತು ನಾನೇನೂ ಬ್ಯಾಡ ಅನ್ನಕಿಲ್ಲ" ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು.

ರುದ್ರಿಯ ಬಾಯಿಂದ ಮಾತು ಹಾರಿಯೇಹೋಯಿತು. "ಶಿಬಿರ ಮುಗಿಯೋದ್ರೊಳಗೆ ನೀವೇ ನಡ್ಕೊಂಡೋಗಿ ನೆಡ್ತೀರ ಅಜ್ಜಿ. ನೆಡಿಸ್ದೆ ನಾನು ಬಸ್ಸು ಹತ್ತಲ್ಲ."

"ಹಂಗಾದ್ರೆ ನಮ್ಮನೇಲೇ ಉಳ್ಕೊಂತೀಯ ಬುಡು. ಕಸ ಬಳಿಯಕ್ಕಾದ್ರೂ ಆಯ್ತೀಯ."

ಮರುದಿನ ಅಟ್ಟದಿಂದ ಹೋದ ವರ್ಷದ ಕಾಯಿ ಇಳಿಸಿದರು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಗಡಗಡ ಅಂದರೆ ಒಳಗೆ ನೀರು ಇಂಗಿ ಕೊಬ್ಬರಿಯಾಗಿದೆ; ಗುಳುಗುಳು ಅಂದರೆ ಹಸಿ, ಮತ್ತೆ ಅಟ್ಟಕ್ಕೆ. ಹಸಿ ಕಾಯಿ ಒಡೆದರೆ ವರ್ಷದ ಕಾಯುವಿಕೆಯೇ ಹಾಳು. ಈ ಕೆಲಸದಲ್ಲಿ ಪುಟ್ಟಗಂಗಮ್ಮನ ಕಿವಿಯೇ ಮನೆಗೆ ತೀರ್ಪು. ರಾಶಿಯನ್ನು ಮಂಚದ ಮಗ್ಗುಲಿಗೇ ತಂದು ಸುರಿದರು.

ಒಂದು ಕಾಯಿ ಉರುಳಿ ಕಂಬದಾಚೆ ಹೋಯಿತು. ಅಜ್ಜಿ ಮೈಮರೆತು ಎರಡೂ ಕಾಲು ಕೆಳಗಿಟ್ಟು ಅರ್ಧ ಎದ್ದಳು. "ಅಯ್ಯೋ ಅತ್ತೆ, ಏಳ್ಬ್ಯಾಡಿ!" ಎಂದು ಸೊಸೆ ಓಡಿ ಬಂದು ಕಾಯಿ ಕೈಗಿತ್ತಳು. ಅಜ್ಜಿ ಕುಳಿತಳು.

ರುದ್ರಿ ಅದನ್ನು ನೋಡಿದಳು. ಈ ಮನೆಯಲ್ಲಿ ತಟ್ಟೆ, ನೀರು, ಕುಟ್ಟಿದ ಎಲೆಅಡಿಕೆ ಎಲ್ಲವೂ ಅಜ್ಜಿಯ ಹತ್ತಿರಕ್ಕೇ ನಡೆದು ಬರುತ್ತಿದ್ದವು. ಬೆಳಿಗ್ಗೆ ಹಲ್ಲುಪುಡಿ, ಚೊಂಬು ತಂದುಕೊಟ್ಟು ಸೇವೆ ಮಾಡಿದೆನೆಂದು ಹಿಗ್ಗಿದವಳು ತಾನೇ ಅಲ್ಲವೆ?

ಐದನೇ ದಿನ ಬೆಳಿಗ್ಗೆ ಇಬ್ಬರೂ ಸೇರಿ ರಾಶಿಯನ್ನು ಎರಡನೇ ಕಂಬದ ಬುಡಕ್ಕೆ ಸಾಗಿಸಿದರು.

"ಸೇವೆ ಮಾಡಕ್ಕೆ ಬಂದೋರೋ, ಮುದುಕೀನ ಗೋಳುಯ್ಕೊಳ್ಳಕ್ಕೆ ಬಂದೋರೋ?" ಚಿಕ್ಕಗೌರಮ್ಮ ಸೆರಗು ಸಿಕ್ಕಿಸಿ ನಿಂತಳು.

ರುದ್ರಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅವಳ ಎದುರಿಗೆ ನಿಂತಳು. "ನೀವು ಪ್ರೀತಿಯಿಂದಾನೇ ಎಲ್ಲಾ ತಂದ್ಕೊಡ್ತೀರ ಅಮ್ಮ. ಆದ್ರೆ ಅಜ್ಜಿ ಏಳೋದಿಕ್ಕೆ ಒಂದು ಕಾರಣಾನೂ ಉಳಿಸಿಲ್ಲ."

ಅಜ್ಜಿ ಜಪ್ಪಯ್ಯ ಅಂದರೂ ಏಳಲಿಲ್ಲ. ಹುಡುಗಿಯರೇ ಕಾಯಿ ಅಲ್ಲಾಡಿಸಲು ಕುಳಿತರು. ಸ್ವಲ್ಪ ಹೊತ್ತಿಗೆ ಮಂಚದಿಂದ ಕೂಗು ಬಂತು. "ಲೇ ದರ್ಜಿ ಮಗಳೇ! ಅದು ಹಸಿ ಕಣೇ!"

"ನನಗೆ ಗಡಗಡ ಅಂದಂಗೇ ಕೇಳುಸ್ತು ಅಜ್ಜಿ. ನಮ್ಮನೇಲಿ ಗುಂಡಿ ಹೊಲೀತೀವಿ, ಕಾಯಿ ಅಲ್ಲಾಡ್ಸಲ್ಲ" ಎಂದಳು ಶಾಹಿದಾ. ಆಟಕ್ಕೆ ಹೇಳಿದ್ದಲ್ಲ, ನಿಜಕ್ಕೂ ಅವಳಿಗೆ ತಿಳಿದಿರಲಿಲ್ಲ.

"ಮನೆ ಹಾಳು ಮಾಡ್ತೀರ ಕಣ್ರೇ, ತಡೀರಿ!"

ಪುಟ್ಟಗಂಗಮ್ಮ ಎದ್ದಳು. ಗೋಡೆ ಹಿಡಿದು ಒಂದು ಹೆಜ್ಜೆ, ಬರಿಗಾಳಿಯಲ್ಲಿ ಒಂದು ಹೆಜ್ಜೆ, ಆಮೇಲೆ ಕಂಬ. ಕಾಯಿ ಕಿತ್ತುಕೊಂಡು ಕಿವಿಗಿಟ್ಟು, "ನೀರು! ಕೆರೆ ನೀರು ಕುಡುದೈತೆ ಇದು" ಎಂದು ಬೈದಳು. ತಾನು ನಿಂತಿದ್ದೇನೆಂಬುದು ಆಮೇಲೆ ಹೊಳೆಯಿತು.

ಆರನೇ ದಿನ ರಾಶಿ ನಾಲ್ಕನೇ ಕಂಬಕ್ಕೆ ಹೋಯಿತು, ಏಳನೇ ದಿನ ಅಂಗಳಕ್ಕೆ. ಎಂಟನೇ ದಿನ ಅಜ್ಜಿಯ ಕಾಲು ಬಾತುಕೊಂಡಿತು. ಚಿಕ್ಕಗೌರಮ್ಮ ಇಬ್ಬರನ್ನೂ ಮೆಟ್ಟಿಲಿಳಿಸಿದಳು. ರುದ್ರಿ ಬೀದಿಯ ಕಲ್ಲಿನ ಮೇಲೆ ಕುಳಿತು, ಮಾತು ಕೊಟ್ಟ ತನ್ನ ಬಾಯನ್ನೇ ಶಪಿಸಿದಳು. ಆದರೂ ಎದ್ದು ಹೋಗಲಿಲ್ಲ. ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಡುವುದನ್ನು ತನ್ನ ಅವ್ವನಿಂದ ಕಲಿತಿದ್ದಳು. ಮತ್ತೆ ಮೆಟ್ಟಿಲು ಹತ್ತಿ, ಬೈಸಿಕೊಂಡೇ ಮಂಚದ ಹತ್ತಿರ ಹೋಗಿ ಶಾಖ ಕೊಟ್ಟಳು.

ಒಂಬತ್ತನೇ ದಿನ ಊತ ಇಳಿದಿತ್ತು. "ರಾಶಿ ಎಲ್ಲೇ ಇಟ್ಟಿದೀಯ?" ಎಂದು ಕೇಳಿದವಳು ಅಜ್ಜಿಯೇ. ರಾಶಿ ಕೊಟ್ಟಿಗೆಯ ಬಾಗಿಲಲ್ಲಿತ್ತು. ಕೋಲೂರಿಕೊಂಡು ಅಲ್ಲಿಗೂ ಹೋದಳು.

ಹತ್ತನೇ ದಿನ ಬಸ್ಸು ಬಂದು ಶಾಲೆಯ ಮುಂದೆ ನಿಂತಾಗ ಪುಟ್ಟಗಂಗಮ್ಮ ಹುಲ್ಲಿನ ಬಣವೆ ದಾಟುತ್ತಿದ್ದಳು. ತೋಟದ ಬದುವಿನ ಹತ್ತಿರ ನಿಂತಳು. ಮೊಳದೆತ್ತರದ ಬದು. ಚಿಕ್ಕಗೌರಮ್ಮ ಎತ್ತಿ ದಾಟಿಸಲು ಎರಡೂ ಕೈ ಚಾಚಿದಳು. ರುದ್ರಿಯ ಮುಖ ನೋಡಿದಳು. ಕೈಗಳನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು.

ಹಾರನ್ ಕೂಗಿತು. "ರುದ್ರಮ್ಮಾ, ಬಸ್ಸು ಹೊರಡ್ತಿದೆ!" ತೋಂಟದಾರ್ಯ ಮೇಷ್ಟ್ರು ದೂರದಿಂದ ಕರೆದರು.

"ಹೋಗಲಿ ಸಾರ್!" ಎಂದಳು ರುದ್ರಿ.

ಅಜ್ಜಿ ಕೋಲನ್ನು ಬದುವಿನ ಆಚೆಗೆ ಊರಿದಳು. ಉಸಿರು ಕಟ್ಟಿ, ನೋವಿನ ಕಾಲನ್ನು ಮೊದಲು ದಾಟಿಸಿದಳು, ಆಮೇಲೆ ಇನ್ನೊಂದನ್ನು. ಮೊದಲೇ ತೋಡಿ, ಸಸಿ ತಂದಿಟ್ಟಿದ್ದ ಗುಣಿಯ ಪಕ್ಕ ಕುಳಿತು ಉಪ್ಪು, ಬೂದಿ ಹಾಕಿ, ಸಸಿಯನ್ನು ನೆಟ್ಟಗೆ ಹಿಡಿದು ಎರಡೂ ಕೈಯಲ್ಲಿ ಮಣ್ಣೆಳೆದಳು. ಇನ್ನು ಮಣ್ಣು ತುಳಿದು ಗಟ್ಟಿ ಮಾಡುವುದೊಂದೇ ಉಳಿದಿತ್ತು. ಎದ್ದು ನಿಂತಳು. ಕೋಲನ್ನು ರುದ್ರಿಯ ಕೈಗೆ ಕೊಟ್ಟು, ಸಸಿಯ ಸುತ್ತ ಒಂದೊಂದೇ ಹೆಜ್ಜೆ ಒತ್ತುತ್ತಾ, ಪೂರ್ತಿ ಒಂದು ಸುತ್ತು ಬಂದಳು.