ಮುಸ್ತಾಕನ ಬಲೆ
ಕೆಸರಿನ ನಾತ, ಹೊಳೆಯದಲ್ಲ, ಜೌಗಿನದೇ, ಹಿತ್ತಲಲ್ಲಿ ತಮ್ಮ ಮುಸ್ತಾಕನ ಬಲೆ ಹಸಿಹಸಿಯಾಗಿ ತೂಗುತ್ತಿದೆ, ಗುಲ್ನಾಜಳ ಮೂಗಿಗೆ ಮಣ್ಣೆರಚುವುದು ಸುಲಭವಲ್ಲ—ಸಿರುಗುಪ್ಪದಾಚೆಯ ಜೌಗು, ಬಳ್ಳಾರಿ ಜಾಲಿ ಕಿತ್ತು, ಆಪುಹುಲ್ಲು ನೆಟ್ಟು ಬದುಕಿಸಿದ್ದು, ಇಲ್ಲಿ ಬಲೆ ಬಿಡುವುದಿಲ್ಲವೆಂದು ಊರೆಲ್ಲ ಮಾತು ಕೊಟ್ಟಿತ್ತು, ಇವನೂ ಕೊಟ್ಟಿದ್ದ, ಆಮೇಲೆ ನೀರುನಾಯಿಗಳು ಮರಳಿ ಬಂದವು, ಮರಿಗಳು ಬಂಡೆಯ ಮೇಲೆ ಕಿಚಕಿಚ ಜಗಳಾಡಿದಾಗ ಅವಳಿಗೆ ಅಳುವೇ ಬಂದಿತ್ತು, ದಿನಾ ಹೆಜ್ಜೆ ಗುರುತು ನೋಡುವುದೇ ಅವಳ ಕೆಲಸ, ಇವತ್ತು ಒಂದೂ ಇಲ್ಲ. ನೀರುನಾಯಿ ಇನ್ನೊಮ್ಮೆ ನನ್ನ ಬಲಿ ಹರೀಲಿ, ಅದರ ತೊಗಲು ಸುಲೀತೀನಿ ಅಂದಿದ್ದನಲ್ಲ, ಊಟಕ್ಕೆ ಕೂತಾಗ, ಎಲ್ಲರೆದುರು. ಇವತ್ತು ಕೈಗೇನಾತೋ ಅಂದರೆ ಕುಡುಗೋಲು ತಾಗೇತಿ ಬಿಡಕ್ಕಾ ಅಂತ ಮುಖ ತಿರುಗಿಸಿದ, ಕುಡುಗೋಲಿನ ಗಾಯಕ್ಕೆ ಅಷ್ಟು ದಪ್ಪ ಬಟ್ಟೆಯೇ, ಕಟ್ಟಿದ ಕೈಯಲ್ಲೇ ಚೀಲ ಹಿಡಿದು ಬಳ್ಳಾರಿ ಬಸ್ಸು ಹತ್ತಿದ್ದಾನೆ, ಕಂಟೋನ್ಮೆಂಟಿನಲ್ಲಿ ಯಾರನ್ನೋ ನೋಡಬೇಕಂತೆ, ಯಾರನ್ನು, ಚೀಲದಾಗೇನಿತ್ತಮ್ಮಾ, ನನಗೇನ್ ಗೊತ್ತವ್ವಾ ಅಂದಳು ತಾಯಿ ಮೌಲಾಬಿ ರೊಟ್ಟಿಯಿಂದ ಕಣ್ಣೆತ್ತದೆ, ಈ ಮನೆಯಲ್ಲಿ ಮಗನ ಸುದ್ದಿ ಬಂದರೆ ಯಾರಿಗೂ ಏನೂ ಗೊತ್ತಿರುವುದಿಲ್ಲ—ತೊಗಲೇ, ಮತ್ತೇನು, ಫೋನು ಹಚ್ಚಿಯೇಬಿಟ್ಟಳು, ಜೌಗಿನ ಉಸ್ತುವಾರಿಯ ಶೈಲಜಾ ಮೇಡಂಗೆ, ಕುರುಗೋಡಿಗೆ, ನನ್ನ ತಮ್ಮನ ಮ್ಯಾಲೇ ಅನುಮಾನ ಐತ್ರಿ, ಮೇಡಂ ಯಾವ ಬಸ್ಸು ಅಂತ ಕೇಳಿಕೊಂಡರು, ಫಾರೆಸ್ಟಿನವರು ಬಸ್‌ಸ್ಟ್ಯಾಂಡಿನ್ಯಾಗ ನಿಂತಿರ್ತಾರ, ನೀವು ಬಲಿ ಮುಟ್ಟಬ್ಯಾಡ್ರಿ.

ಮುಟ್ಟಬಾರದು, ಆದರೆ ಕೈ ಕೇಳಬೇಕಲ್ಲ, ಅಪ್ಪ ದಾವಲಸಾಬನ ಕಾಲದಿಂದ ಈ ಮನೆಯ ಬಲೆ ಹೊಲಿಯುವವಳು ಅವಳೇ, ಬಿಡಿಸಿ ಬಿಸಿಲಿಗೆ ಹಿಡಿದಳು, ದೊಡ್ಡ ತೂತು, ನೀರುನಾಯಿ ಹರಿದರೆ ಚಿಂದಿ ಚಿಂದಿಯಾಗುತ್ತದೆ, ಎಳೆಗಳು ಜಗ್ಗಿ ಸೊಟ್ಟಗಾಗಿರುತ್ತವೆ, ಇದು ನೆಟ್ಟಗಿದೆ, ಮೇಲಿಂದ ಕೆಳಗಿನತನಕ, ಚೂರಿಯಲ್ಲಿ ಕೊಯ್ದದ್ದು—ಸತ್ತದ್ದನ್ನು ತೆಗೆಯಲು ಯಾರು ಬಲೆ ಕೊಯ್ಯುತ್ತಾರೆ, ಎಳೆ ಸರಿಸಿ ಬಿಡಿಸುತ್ತಾರೆ, ಕೊಯ್ಯುವುದು ಒಳಗಿನ ಜೀವ ಉಸಿರುಕಟ್ಟಿ ಒದ್ದಾಡುವಾಗ, ಕಚ್ಚುವಾಗ, ಕಚ್ಚುವಾಗ, ಯಾ ಅಲ್ಲಾ, ಆ ಕೈ, ಕುಡುಗೋಲಲ್ಲ, ಬಳ್ಳಾರಿಗೆ ಹೋದದ್ದು ಕಂಟೋನ್ಮೆಂಟಿನ ದೊಡ್ಡಾಸ್ಪತ್ರೆಗೆ, ಕಡಿತದ ಸೂಜಿ ಹಾಕಿಸಿಕೊಳ್ಳಲು, ನನಗೊಂದು ಮಾತು ಹೇಳಬಾರದಿತ್ತೇನೋ, ಹೇಗೆ ಹೇಳುತ್ತಾನೆ, ಜೌಗಿಗೆ ಬಲೆ ಬಿಟ್ಟದ್ದು ಒಪ್ಪಿಕೊಳ್ಳಬೇಕಲ್ಲ, ಅದೂ ಯಾರ ಮುಂದೆ, ನನ್ನ ಮುಂದೆ—ಮೇಡಂ ಫೋನು ಬಿಜಿ, ಮತ್ತೆ ಬಿಜಿ, ಅವನದು ಸ್ವಿಚ್ ಆಫ್, ಬಸ್ಸು ಬಳ್ಳಾರಿ ಮುಟ್ಟಿರಬೇಕು, ಇಳಿಯುತ್ತಾನೆ, ಫಾರೆಸ್ಟಿನವರು ಚೀಲ ಕೊಡವುತ್ತಾರೆ, ಚೀಲದಲ್ಲಿ ಏನೂ ಇರುವುದಿಲ್ಲ, ಹಾಗಾದರೆ ಕೈ ತೋರಿಸು ಲೇ ಅನ್ನುತ್ತಾರೆ, ಬಟ್ಟೆ ಬಿಚ್ಚುತ್ತಾನೆ, ಅಂಗೈ ತುಂಬ ನೀರುನಾಯಿಯ ಹಲ್ಲಿನ ಗುರುತು, ಕೊಂದವನ ಕೈಗೂ ಬಿಡಿಸಿದವನ ಕೈಗೂ ಅದೇ ಗುರುತು, ಬಟ್ಟೆ ಬಿಚ್ಚುತ್ತಾನೆ, ಹಲ್ಲಿನ ಗುರುತು, ಬಟ್ಟೆ ಬಿಚ್ಚುತ್ತಾನೆ